ಚಿತ್ರಕ್ಕೆ ವಿಶ್ರಾಂತಿ

ಆ ದಿನ ಬೆಳಿಗ್ಗೆ ಚಿತ್ರದ ಪರದೆ ಸರಿಸಿದಾಗ ಬಡಿಗೇರ ಮಾಸ್ತರರ ಕಿಟಕಿಯ ಮೇಲೆ ಒಂದು ಕಪ್ಪು ಚುಕ್ಕೆ ಇತ್ತು. ಸಾಸಿವೆ ಕಾಳಿಗಿಂತ ಚಿಕ್ಕದು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡೆ. ಚುಕ್ಕೆ ಅಲ್ಲೇ ಇತ್ತು. ಹೊರಗೆ ಕಟ್ಟೆಯ ಮೇಲೆ ಡಂಗುರದ ಹಲಗೆಯನ್ನು ಬಿಸಿಲಿಗೆ ಕಾಯಿಸುತ್ತ ಕೂತಿದ್ದ ದಾವಲಸಾಬಣ್ಣ ದಿನಾ ಕೇಳುವ ಹಾಗೆ, "ಕಿಟಕಿ ಅದಾವೇನವಾ?" ಎಂದ. ದಿನಾ ಹೇಳುವ ಹಾಗೆ "ಅದಾವಣ್ಣಾ" ಅನ್ನಬೇಕಿತ್ತು. ಇನ್ನೂ ನೋಡುತ್ತಿದ್ದೇನೆ, ಸ್ವಲ್ಪ ತಾಳು ಅಂದೆ.

ಚಿತ್ರ ಇರುವುದು ನಮ್ಮೂರ ಚಾವಡಿಯ ದೊಡ್ಡ ಗೋಡೆಯ ಮೇಲೆ. ಎರಡು ಮಾರು ಅಗಲ, ಒಂದು ಮಾರು ಎತ್ತರ. ಯುರೋಪಿನ ಫ್ಲಾಂಡರ್ಸ್ ಎಂಬ ತಗ್ಗು ನಾಡಿನಲ್ಲಿ, ಅಗಸೆ ಎಣ್ಣೆಯಲ್ಲಿ ಬಣ್ಣ ಅರೆದು ಯಾರೋ ಬರೆದದ್ದು. ನಮ್ಮಲ್ಲಿಗೆ ಹೇಗೆ ಬಂತೋ ಹೇಳುವವರು ಉಳಿದಿಲ್ಲ. ಬೂದು ಆಕಾಶದ ಕೆಳಗೆ ನೀರು ತುಂಬಿದ ಕಂದಕ, ಅದರ ನಡುವೆ ಯುದ್ಧದಲ್ಲಿ ಪೆಟ್ಟು ತಿಂದ ಒಂದು ಕೋಟೆ. ಪಡುವಣ ಬುರುಜು ಅರ್ಧ ಕುಸಿದಿದೆ. ಮಾಳಿಗೆ ಹಾರಿಹೋದ ಕಡೆ ತೊಲೆಗಳು ಪಕ್ಕೆಲುಬಿನ ಹಾಗೆ ಎದ್ದು ನಿಂತಿವೆ. ಸೈನಿಕರು ಎಲ್ಲೂ ಇಲ್ಲ, ಫಿರಂಗಿಯೂ ಇಲ್ಲ. ಕೆಂಪು ಟೊಪ್ಪಿಗೆಯವನೊಬ್ಬ ಕೊಡ ಹಿಡಿದು ನೀರಿಗೆ ಹೊರಟಿದ್ದಾನೆ, ಎರಡು ಹಸು ಮೇಯುತ್ತಿವೆ. ಆದರೆ ಆ ಯುದ್ಧ ಇನ್ನೂ ಮುಗಿದಿಲ್ಲ. ವರ್ಷಕ್ಕೊಮ್ಮೆ, ಕೆಲವು ವರ್ಷ ಎರಡು ಸಲ, ಬೆಳಿಗ್ಗೆ ನೋಡಿದರೆ ಕೋಟೆಗೆ ಹೊಸ ತೂತು ಬಿದ್ದಿರುತ್ತದೆ. ಯಾವ ಕಿಟಕಿಗೆ ಬಿದ್ದಿದೆಯೋ ಆ ಕಿಟಕಿಯ ಮನೆ ಅದೇ ದಿನ ಹೊತ್ತು ಮುಳುಗುವುದರೊಳಗೆ ಕುಸಿಯುತ್ತದೆ.

ಊರಿನ ಪ್ರತಿ ಮನೆಗೂ ಕೋಟೆಯಲ್ಲಿ ಒಂದು ಕಿಟಕಿ ಉಂಟು. ಕಿಟಕಿ ಹೋದವರು ಹೊಸ ಮನೆ ಕಟ್ಟಿ ನೋಡಿದ್ದಾರೆ, ಆ ಗೋಡೆಗಳು ಮೊದಲ ಮಳೆ ಕಂಡಿಲ್ಲ. ಹಾಗಾಗಿ ಮನೆ ಬಿದ್ದವರು ನೆಂಟರ ಮನೆ ಸೇರುತ್ತಾರೆ, ನಡುಮನೆಗೆ ಸೀರೆ ಅಡ್ಡ ಕಟ್ಟಿ ಒಂದೇ ಕಿಟಕಿಯ ಕೆಳಗೆ ಎರಡು ಒಲೆ, ಮೂರು ಒಲೆ ಹೂಡುತ್ತಾರೆ. ದಾವಲಸಾಬಣ್ಣನ ಮನೆಯಲ್ಲಿ ಹನ್ನೊಂದು ಜನ ಇದ್ದಾರೆ. ನಮ್ಮಲ್ಲಿ ಬಾಗಿಲು ಹೊರಕ್ಕೆ ತೆರೆಯುತ್ತವೆ. ಗೋಡೆಗೆ ಯಾರೂ ಸಾಮಾನಿಡುವ ಮರದ ಹಲಗೆ ಹೊಡೆಯುವುದಿಲ್ಲ. ದೇವರು ಕೂಡ ಹಿಡಿಕೆ ಇರುವ ಬುಟ್ಟಿಯಲ್ಲಿ ಇರುತ್ತಾನೆ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ನಿಮ್ಮದು ಯಾವ ಕಿಟಕಿ, ಬುರುಜಿಗೆ ಎಷ್ಟು ದೂರ ಎಂದು.

ಚಿತ್ರದ ಮುಂದೆ ಹತ್ತು ಹೆಜ್ಜೆಗೆ ಒಂದು ಹಗ್ಗ ಕಟ್ಟಿದೆ. ಅದನ್ನು ದಾಟುವವಳು ನೋಡುವವಳೊಬ್ಬಳೇ, ಅಂದರೆ ಈಗ ನಾನು. ನೋಡಬಹುದು, ಮುಟ್ಟುವಂತಿಲ್ಲ. ತೂತು ಕಂಡರೆ ಮಧ್ಯಾಹ್ನದೊಳಗೆ ಹೇಳಬೇಕು, ದಾವಲಸಾಬಣ್ಣ ಸಾರುತ್ತಾನೆ, ಊರೆಲ್ಲ ಸೇರಿ ಆ ಮನೆ ಖಾಲಿ ಮಾಡುತ್ತದೆ. ನನಗಿಂತ ಮೊದಲು ಮೂವತ್ತು ವರ್ಷ ಬಡಿಗೇರ ಮಾಸ್ತರರು ನೋಡಿದರು. ಅವರೇ ಸಂಜೆ ಶಾಲೆ ನಡೆಸುತ್ತಿದ್ದರು. ಹತ್ತಿಯ ಗಿರಣಿಯಲ್ಲಿ ಕೆಲಸ ಮುಗಿಸಿ, ತಲೆಯ ತುಂಬ ಹತ್ತಿಯ ಧೂಳು ಹೊತ್ತು ಹೋಗಿ ಕೂರುತ್ತಿದ್ದ ನನಗೆ ಅಕ್ಷರ, ಲೆಕ್ಕ, ಬಣ್ಣ, ಬೆಳಕು ಎಲ್ಲ ಕಲಿಸಿದವರು ಅವರೇ. ಹಗಲಿನ ಶಾಲೆ ಕಲಿತವರ ಮುಂದೆ ನನಗೆ ಇವತ್ತಿಗೂ ಮಾತು ತಡವರಿಸುತ್ತದೆ.

ಮಾಸ್ತರರ ಕಾಲದಲ್ಲಿ ಇನ್ನೊಂದು ಪದ್ಧತಿ ಇತ್ತು. ಒಂದೆರಡು ವರ್ಷಕ್ಕೊಮ್ಮೆ ಅವರು ಚಿತ್ರಕ್ಕೆ ವಿಶ್ರಾಂತಿ ಎಂದು ಸಾರಿಸುತ್ತಿದ್ದರು. ಮೂರು ದಿನ ಪರದೆ ಮುಚ್ಚಿರುತ್ತಿತ್ತು. ನೋಡುವವರಿಲ್ಲದ ಆ ಮೂರು ದಿನ ಯಾರೂ ಮನೆಯೊಳಗೆ ಇರುವಂತಿಲ್ಲ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹುಣಸೆ ತೋಪಿಗೆ ಹೋಗುತ್ತಿತ್ತು. ರೊಟ್ಟಿ, ಶೇಂಗಾ ಹಿಂಡಿ, ಕೋಲಾಟ, ಮದುವೆಯ ಮಾತುಕತೆ, ಜಗಳ ಎಲ್ಲ ಅಲ್ಲೇ. ಜನ ಆ ದಿನಗಳಿಗೆ ಕಾಯುತ್ತಿದ್ದರು. ನಾನು ಬಂದ ಎರಡು ವರ್ಷದಲ್ಲಿ ಒಮ್ಮೆಯೂ ವಿಶ್ರಾಂತಿ ಕೊಟ್ಟಿಲ್ಲ, ಹೇಗೆ ಕೊಡಬೇಕೆಂದು ಮಾಸ್ತರರು ಹೇಳಿಕೊಟ್ಟಿರಲಿಲ್ಲ.

ನನಗೆ ಕಿಟಕಿ ಇಲ್ಲ. ನಾನು ಒಂಬತ್ತು ವರ್ಷದವಳಿದ್ದಾಗ ನಮ್ಮ ಮನೆ ಬಿತ್ತು. ಡಂಗುರ ಸಾರದೆ ಬಿದ್ದ ಮನೆ ಅದೊಂದೇ. ನಾನು ನೀರಿಗೆ ಹೋಗಿದ್ದೆ. ಅವ್ವ ಒಳಗೆ ಕಾಳು ಆರಿಸುತ್ತ ಕೂತಿದ್ದಳು. ಮಾಸ್ತರರ ಕಣ್ಣು ಆ ದಿನ ತಪ್ಪಿತು ಎಂದು ಊರು ಹೇಳಿತು, ಬೈಯಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ತಪ್ಪು. ಕಿಟಕಿ ಇಲ್ಲದವಳಿಗೆ ಕಳೆದುಕೊಳ್ಳುವುದು ಏನೂ ಇಲ್ಲ, ಅವಳ ಕೈ ನಡುಗುವುದಿಲ್ಲ ಎಂದು ಮಾಸ್ತರರ ನಂತರ ನನ್ನನ್ನು ಕೂರಿಸಿದರು. ನಡುಗುತ್ತದೆ. ದಿನಾ ನಡುಗುತ್ತದೆ.

ಅದರಲ್ಲೂ ತಿಪ್ಪವ್ವನ ಸಂಗತಿ ಆದ ಮೇಲೆ. ನಲವತ್ತು ದಿನದ ಹಿಂದೆ ತಿಪ್ಪವ್ವನ ಕಿಟಕಿಯ ಮೇಲೆ ಹೀಗೇ ಒಂದು ಚುಕ್ಕೆ ಕಂಡು ನಾನು ಹೇಳಿದೆ. ಅವಳ ಮನೆ ಖಾಲಿಯಾಯಿತು. ಹೊತ್ತು ಮುಳುಗಿತು, ಮನೆ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಸಾರಿದ ಮನೆಗೆ ಮತ್ತೆ ಕಾಲಿಡುವ ಪದ್ಧತಿ ಇಲ್ಲ. ತಿಪ್ಪವ್ವ ಗಂಡ, ಅತ್ತೆ, ಎಮ್ಮೆಯೊಡನೆ ಚಾವಡಿಯ ಪಡಸಾಲೆಯಲ್ಲಿ ಒಲೆ ಹೂಡಿ, ಎದುರಿಗೇ ಕಾಣುವ ತನ್ನ ಮನೆಯನ್ನು ನೋಡುತ್ತ ಕೂತುಬಿಟ್ಟಳು. ನಾನು ಬರುವಾಗ ಹೋಗುವಾಗ, "ಇನ್ನೂ ನಿಂತೈತಿ ನೋಡವಾ ತೋಟವ್ವ, ನಾಚಿಕಿ ಇಲ್ಲದ್ದು. ನಿನ್ನ ಮಾತ ಕೇಳವಲ್ದು," ಎನ್ನುತ್ತಿದ್ದಳು.

ಈಗ ಮಾಸ್ತರರ ಕಿಟಕಿ. ಮಾಸ್ತರರು ಸೊಂಟ ಮುರಿದು ಐದು ತಿಂಗಳಿಂದ ಮಲಗಿದಲ್ಲೇ ಇದ್ದರು. ಎದೆಯಲ್ಲಿ ನೀರು ಸೇರಿತ್ತು. ಮಗ್ಗುಲು ಹೊರಳಿಸಿದರೂ ಉಸಿರು ನಿಂತೀತು, ಎತ್ತಲೇಬೇಡಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ಚುಕ್ಕೆ ಸುಳ್ಳಾಗಿದ್ದು ನಾನು ಸಾರಿಸಿದರೆ ಅವರನ್ನು ಸುಮ್ಮನೆ ಕೊಂದಂತೆ. ಖರೆಯಾಗಿದ್ದು ಸುಮ್ಮನಿದ್ದರೆ ಮಾಳಿಗೆಯ ಕೆಳಗೆ ಕೊಂದಂತೆ, ಜೊತೆಗೆ ಅವರ ಮಗಳು ಈರವ್ವನನ್ನೂ. ಎರಡು ಸಲ ಹೊರಗೆ ಬಂದು ಎರಡು ಸಲ ಒಳಗೆ ಹೋದೆ. ಕೊನೆಗೆ ಮಾಸ್ತರರನ್ನೇ ಕೇಳೋಣ, ಯಾರ ಕಿಟಕಿ ಅನ್ನದೆ ಪಾಠದ ಹಾಗೆ ಕೇಳೋಣ ಎಂದುಕೊಂಡು ಅವರ ಮನೆಗೆ ಹೋದೆ.

ಈರವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಾಸ್ತರರು ದಿಂಬಿಗೆ ಒರಗಿ ಬಾಗಿಲ ಕಡೆಯೇ ನೋಡುತ್ತಿದ್ದರು. ಚಾವಡಿ ಬಿಟ್ಟು ಇಷ್ಟು ಹೊತ್ತಿಗೆ ಬಂದದ್ದು ಯಾಕೆ ಎಂದು ಕೇಳಲಿಲ್ಲ. ತೂತಿಗೂ ಹೊಲಸಿಗೂ ವ್ಯತ್ಯಾಸ ಹೇಗೆ ಹಿಡಿಯಬೇಕು ಎಂದು ನಾನು ಕೇಳಿದ್ದಕ್ಕೆ ಕಣ್ಣು ಮುಚ್ಚಿ, ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದರು. ಆ ಚಿತ್ರದಲ್ಲಿ ಬೆಳಕು ಎಡಗಡೆಯಿಂದ ಬರುತ್ತದೆ, ನಿಜವಾದ ತೂತಾದರೆ ಬಲಗಡೆಯ ಅಂಚಿಗೆ ಎಳೆಯಷ್ಟು ಬೆಳಕು ಹತ್ತಿರುತ್ತದೆ, ಹೊಲಸಿಗೆ ಅಂಚು ಇರುವುದಿಲ್ಲ. ಅಂಚು ಇರುವ ಹಾಗೂ ಇದೆ, ಇಲ್ಲದ ಹಾಗೂ ಇದೆ, ನೀರಿನ ಕೆಳಗೆ ಇದ್ದಂತೆ ಕಾಣುತ್ತದೆ ಅಂದೆ. ಮಾಸ್ತರರು ಕಣ್ಣು ತೆರೆದರು. ಅವರ ಎದೆಯ ಗೊರಗೊರ ಕೇಳುತ್ತಿತ್ತು.

"ಯಾರ ಕಿಟಕಿ ಅಂತ ನಾ ಕೇಳೂದಿಲ್ಲ, ತೋಟವ್ವ," ಎಂದರು. "ನನಗ ಗೊತ್ತೈತಿ."

ಆಮೇಲೆ ಹೇಳಿದರು. ಇಪ್ಪತ್ತಾರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ಸ್ವಂತ ಕಿಟಕಿಗೆ ತೂತು ಬಿದ್ದಿತ್ತು. ಹೆಂಡತಿ ಹೆರಿಗೆಯ ನೋವಿನಲ್ಲಿದ್ದಳು, ಕೂಸು ಅಡ್ಡ ತಿರುಗಿತ್ತು, ಎತ್ತಿದರೆ ಇಬ್ಬರೂ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಹೇಳಿದ್ದಳು. ಮಾಸ್ತರರು ಸಂಜೆ ಶಾಲೆಯ ಪೆಟ್ಟಿಗೆಯಿಂದ ಕಂದು ಬಣ್ಣದ ಟ್ಯೂಬು ತೆಗೆದುಕೊಂಡು ಹೋಗಿ ಆ ತೂತಿನ ಮೇಲೆ ಗೋಡೆಯ ಬಣ್ಣ ಹಚ್ಚಿದರು. ಮನೆ ಬೀಳಲಿಲ್ಲ. ಈರವ್ವ ಹುಟ್ಟಿದಳು. ಆದರೆ ಎಣ್ಣೆಬಣ್ಣ ಒಣಗಲು ಮೂರು ದಿನ ಬೇಕು. ಹಸಿ ಬಣ್ಣ ಮಿಂಚುವುದು ಹಗ್ಗದಾಚೆಗೂ ಕಂಡೀತೆಂದು ಪರದೆ ಮುಚ್ಚಿ, ಚಿತ್ರಕ್ಕೆ ವಿಶ್ರಾಂತಿ, ಪರದೆಯ ಹಿಂದೆ ತಾನೊಬ್ಬನೇ ನೋಡುತ್ತಿರುತ್ತೇನೆ ಎಂದು ಹೇಳಿಸಿದರು. ಮೊದಲ ವಿಶ್ರಾಂತಿ ಅದು. ಜನರನ್ನು ತೋಪಿಗೆ ಕಳಿಸಬೇಕೆಂಬುದು ಆಗ ಹೊಳೆದಿರಲಿಲ್ಲ. ಎರಡನೆಯ ದಿನ ನಮ್ಮ ಮನೆ ಬಿತ್ತು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ಆ ಎರಡು ದಿವಸ ಪರದೆ ಹಿಂದ ಒಮ್ಮೆನೂ ನೋಡಲಿಲ್ಲೇನ್ರಿ, ಮಾಸ್ತರ?"

"ಅಂಜಿದ್ದೆ," ಎಂದರು. "ಪರದೆ ಸರಿಸಿದ್ರ ನಾ ಮಾಡಿದ್ದು ಕಾಣತಿತ್ತು. ಒಂದ ಸಲ ಮಾಡೇನಿ, ಜೀವನದಾಗ ಒಂದ ಸಲ. ಅಗಸಿ ಎಣ್ಣಿ ವಯಸ್ಸಾದಂಗ ತಿಳಿ ಆಗತೈತಿ, ಕೆಳಗಿದ್ದದ್ದು ಮ್ಯಾಲ ಕಾಣತೈತಿ. ಅದನ್ನೂ ನಿನಗ ಕಲಿಸಿದ್ನಲ್ಲ."

ಕಲಿಸಿದ್ದರು. ನಾನು ನೋಟುಪುಸ್ತಕದಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಹೊರಡುವಾಗ ಈರವ್ವ ಬಾಗಿಲ ತನಕ ಬಂದು ನನ್ನ ಮುಷ್ಟಿಯೊಳಗೆ ಏನನ್ನೋ ತುರುಕಿದಳು. ಅವಳ ಕೈಯ ಜೋಳದ ಹಿಟ್ಟು ನನ್ನ ಕೈಗೆ ಮೆತ್ತಿತು. ಅದೇ ಟ್ಯೂಬು. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಸಂಜೆ ಶಾಲೆ ಕಲಿತವರು. "ಹೊಸ್ತಿಲಾ ದಾಟೂದ್ರೊಳಗ ನಮ್ಮಪ್ಪ ಹೋಗತಾನ," ಎಂದಳು. "ಇಷ್ಟ ಇಷ್ಟು ಹಚ್ಚು. ಯಾರಿಗೂ ತಿಳಿಯೂದಿಲ್ಲ." ಟ್ಯೂಬನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವಳ ಕಣ್ಣು ನನ್ನ ಮುಖವನ್ನು ಹುಡುಕಿದವು. "ನಿಮ್ಮವ್ವನ ಸಲುವಾಗಿ ಸಾರಸಬ್ಯಾಡ, ತೋಟಿ."

ಆ ಮಾತು ದಾರಿಯುದ್ದಕ್ಕೂ ನನ್ನ ಹಿಂದೆಯೇ ಬಂತು. ಹಾಗೆ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಹೇಳಿಕೊಂಡಷ್ಟೂ ಹಾಗೇ ಇರಬಹುದು ಅನ್ನಿಸಿತು. ಮಾಸ್ತರರನ್ನು ಎತ್ತುವಾಗ ಅವರ ಉಸಿರು ನಿಂತರೆ ನನ್ನೊಳಗೆ ಎಲ್ಲೋ ಒಂದು ಕಡೆ ಸಮಾಧಾನವಾದೀತೇ? ಅವರೇ ಅಲ್ಲವೇ ನನಗೆ ಅಕ್ಷರ ಕೊಟ್ಟವರು? ಅಕ್ಷರ ಕೊಟ್ಟದ್ದೂ ಅವ್ವನ ಸಾವಿನ ಋಣ ತೀರಿಸಲೆಂದೇ ಇರಬಹುದೇ? ಹಗ್ಗ ದಾಟಿ ಚಿತ್ರದ ಮುಂದೆ ನಿಂತಾಗ ಬಿಸಿಲು ಚಾವಡಿಯ ಹೊಸ್ತಿಲಿಗೆ ಬಂದಿತ್ತು. ಮಧ್ಯಾಹ್ನಕ್ಕೆ ಇನ್ನು ಹೆಚ್ಚು ಹೊತ್ತು ಇರಲಿಲ್ಲ.

ಆಗ ಮಾಡಬಾರದ್ದನ್ನು ಮಾಡಿದೆ. ದೇವರ ಬತ್ತಿಗೆ ಇಟ್ಟಿದ್ದ ಹತ್ತಿ ತೆಗೆದು ಕಡ್ಡಿಗೆ ಸುತ್ತಿ, ಉಗುಳಿನಲ್ಲಿ ನೆನೆಸಿದೆ. ಎಣ್ಣೆಬಣ್ಣಕ್ಕೆ ನೋವಾಗದ ಹಾಗೆ ಹೊಲಸು ತೆಗೆಯಲು ಉಗುಳಿಗಿಂತ ಒಳ್ಳೆಯದಿಲ್ಲ ಎಂದು ಕಲಿಸಿದವರೂ ಮಾಸ್ತರರೇ. ಮೊದಲು ತಿಪ್ಪವ್ವನ ಕಿಟಕಿ ಮುಟ್ಟಿದೆ. ಎರಡು ಸಲ ಉರುಳಿಸುವುದರೊಳಗೆ ಚುಕ್ಕೆ ಹತ್ತಿಗೆ ಬಂತು, ಕಿಟಕಿ ಸ್ವಚ್ಛವಾಗಿ ಉಳಿಯಿತು. ನೊಣ ಮಾಡಿದ್ದು. ಆಮೇಲೆ ಮಾಸ್ತರರ ಕಿಟಕಿ. ಹತ್ತಿಗೆ ಕಂದು ಬಣ್ಣ ಹತ್ತಿತು. ಚುಕ್ಕೆ ಹೋಗಲಿಲ್ಲ, ದೊಡ್ಡದಾಯಿತು, ಅದರ ಬಲಗಡೆಯ ಅಂಚಿನಲ್ಲಿ ಫ್ಲಾಂಡರ್ಸಿನ ಬೆಳಕು ಎಳೆಯಾಗಿ ಹೊಳೆಯಿತು. ಮುಟ್ಟದೆ ಇದ್ದಿದ್ದರೆ ಇನ್ನೂ ಒಂದು ವಾರ ನೀರಿನ ಕೆಳಗೇ ಇರುತ್ತಿತ್ತೋ ಏನೋ. ನನ್ನ ಕೈಯಿಂದಲೇ ತೆರೆದುಕೊಂಡಿತು. ಈ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸೊಂಟದಲ್ಲಿ ಸಿಕ್ಕಿಸಿದ್ದ ಟ್ಯೂಬು ಒತ್ತುತ್ತಿತ್ತು. ಬಣ್ಣ ಹಚ್ಚಿದರೆ ಪರದೆ ಮುಚ್ಚಬೇಕು. ಪರದೆಯ ಹಿಂದೆ ಇನ್ನೊಬ್ಬರ ಕಿಟಕಿಗೆ ಪೆಟ್ಟು ಬಿದ್ದರೆ ನಾನೂ ಅಂಜುತ್ತೇನೆ, ನಾನೂ ನೋಡುವುದಿಲ್ಲ. ನನ್ನನ್ನು ನಾನು ಬಲ್ಲೆ. ಅಷ್ಟು ಮಾತ್ರ ಆಗ ನಿಚ್ಚಳವಾಗಿ ತಿಳಿಯಿತು. ಹೊರಗೆ ಬಂದು ದಾವಲಸಾಬಣ್ಣನಿಗೆ ಹೇಳಿದೆ.

ಊರು ನೆರೆಯಿತು. ಹಲಗೆಯ ಸದ್ದು ನಿಂತ ಮೇಲೆ ನಾನು ಪಡಸಾಲೆಯ ಕಂಬ ಹಿಡಿದು ಇನ್ನೊಂದು ಮಾತನ್ನೂ ಹೇಳಿದೆ. ತಿಪ್ಪವ್ವನ ಮನೆ ಬೀಳುವುದಿಲ್ಲ, ಅದು ನನ್ನ ತಪ್ಪು, ಕಿಟಕಿಯ ಮೇಲೆ ಇದ್ದದ್ದು ನೊಣದ ಹೊಲಸು, ಅವರು ಮನೆಗೆ ಹೋಗಬಹುದು.

"ನೊಣಾ ಹೇತದ್ದಕ್ಕ ನಲವತ್ತು ದಿವಸ ಪಡಸಾಲ್ಯಾಗ ಮಲಗಿದ್ವಿ ಅನ್ನು," ಎಂದಳು ತಿಪ್ಪವ್ವ. "ನಮ್ಮ ಎಮ್ಮಿ ಹೇತಿದ್ರ ಊರ ಖಾಲಿ ಮಾಡಸ್ತಿದ್ದೇನವಾ?"

ಜನ ನಕ್ಕರು. ಅದರ ಮುಂದಿನ ಮಾತು ಏನು ಎಂದು ನನಗೆ ಗೊತ್ತಿತ್ತು. ಇದೂ ನೊಣವೇ ಇರಬೇಕು, ಸಾಯುವ ಮನುಷ್ಯನನ್ನು ಯಾಕೆ ಎತ್ತುವುದು ಎಂದು ಒಬ್ಬರು ಅಂದರು, ಹತ್ತು ಜನ ಹೌದೆಂದರು. ಊರೆಲ್ಲ ಮಾಸ್ತರರ ಮನೆಗೆ ನಡೆದಾಗ ಬಾಗಿಲಲ್ಲಿ ಈರವ್ವ ಚೌಕಟ್ಟಿನ ಎರಡೂ ಕಡೆ ಕೈ ಚಾಚಿ ನಿಂತಿದ್ದಳು. ಇದು ನೊಣವಲ್ಲ ಎಂದು ನಾನು ಹೇಗೆ ಬಲ್ಲೆ ಎಂಬುದನ್ನು ಹೇಳಬೇಕಾದರೆ ಮಾಸ್ತರರ ಮಾತನ್ನು ಬೀದಿಯಲ್ಲಿ ಬಿಚ್ಚಬೇಕಿತ್ತು. ಬಿಚ್ಚಿದರೆ ಜನ ಮನೆಯೊಳಗೆ ನುಗ್ಗಿ ಎತ್ತುವರು, ಆದರೆ ಹೆಣ ಎತ್ತಿದ ಹಾಗೆ ಎತ್ತುವರು. ಬಿಸಿಲು ಓಣಿಯ ಗೋಡೆ ಹತ್ತುತ್ತಿತ್ತು.

ಒಳಗಿನಿಂದ ಮಾಸ್ತರರ ದನಿ ಬಂತು. ಐದು ತಿಂಗಳಲ್ಲಿ ಅಷ್ಟು ಗಟ್ಟಿ ದನಿ ಯಾರೂ ಕೇಳಿರಲಿಲ್ಲ.

"ತೋಟವ್ವ ನೋಡಿದ್ದು ಖರೆ ಐತಿ. ಈರವ್ವ, ಕೈ ತೆಗಿ. ನನ್ನ ಎತ್ರಿ."

ಮಂಚದ ಸಮೇತ ಎಂಟು ಜನ ಎತ್ತಿದರು. ಬಾಗಿಲು ಹೊರಕ್ಕೆ ತೆರೆಯುವ ನಮ್ಮೂರಿನಲ್ಲಿಯೂ ಆ ಮಂಚ ಹೊಸ್ತಿಲು ದಾಟಲು ಒಂದು ಜನ್ಮ ಹಿಡಿದಂತಾಯಿತು. ನಾನು ಮಂಚದ ಕಾಲು ಹಿಡಿದಿದ್ದೆ. ಮಾಸ್ತರರ ತುಟಿ ನೀಲಿಯಾಗಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಅವರ ಎದೆಯನ್ನು ನೋಡುತ್ತಿದ್ದೆ. ಅದು ಏಳುತ್ತಿತ್ತು, ಇಳಿಯುತ್ತಿತ್ತು, ನಿಂತಿತು, ಮತ್ತೆ ಎದ್ದಿತು. ಪಡಸಾಲೆಯಲ್ಲಿ ತಿಪ್ಪವ್ವ ತನ್ನ ಒಲೆ ಕಿತ್ತು ಜಾಗ ಮಾಡಿಕೊಟ್ಟಳು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇರುವಾಗ ಮಾಸ್ತರರ ಮನೆಯ ಹಿಂದಿನ ಗೋಡೆ ಒಳಗೆ ಕುಸಿಯಿತು, ಅದರ ಹಿಂದೆ ಮಾಳಿಗೆ. ಗಟ್ಟಿ ಸದ್ದು ಆಗಲಿಲ್ಲ. ರಾಶಿ ಹಾಕಿದ ಜೋಳ ಜರಿದ ಹಾಗೆ ಕೇಳಿಸಿತು. ಈರವ್ವ ಅಪ್ಪನ ಕಾಲ ಬಳಿ ಕೂತು ಆ ಧೂಳನ್ನು ನೋಡಿದಳು. ನನ್ನ ಕಡೆ ನೋಡಲಿಲ್ಲ. ಮಾಸ್ತರರಿಗೆ ಉಸಿರಿತ್ತು.

ಮರುದಿನ ಬೆಳಿಗ್ಗೆ ಪರದೆ ಸರಿಸುವ ಮೊದಲು ಟ್ಯೂಬು ನೆನಪಾಯಿತು. ಈರವ್ವನಿಗೆ ಹಿಂದಿರುಗಿಸಬೇಕೆಂದು ಸೊಂಟದಿಂದ ತೆಗೆದೆ. ಅಂಗೈಯ ಶಾಖಕ್ಕೆ ಅದು ಮೆತ್ತಗೆ ಒತ್ತಿತು. ಇಪ್ಪತ್ತಾರು ವರ್ಷದ ಟ್ಯೂಬು ಕಲ್ಲಾಗಿರಬೇಕಿತ್ತು. ನೋಡಿದೆ. ಬುಡದಿಂದ ಅಚ್ಚುಕಟ್ಟಾಗಿ ಸುರುಳಿ ಸುತ್ತಿಕೊಂಡು ಬಂದು ಕತ್ತಿನ ಹತ್ತಿರ ಬೆರಳಷ್ಟು ಮಾತ್ರ ಉಳಿದಿತ್ತು. ಸಾಸಿವೆಯಷ್ಟು ಚುಕ್ಕೆಗೆ ಅಷ್ಟು ಬಣ್ಣ ಬೇಕಾಗುವುದಿಲ್ಲ. ಹುಣಸೆ ತೋಪಿನ ಕೋಲಾಟಗಳು ಒಂದೊಂದಾಗಿ ನೆನಪಾದವು. ನಾನು ಹತ್ತಿಯ ಗಿರಣಿಗೆ ಸೇರಿದ ವರ್ಷ ಒಂದು. ದೊಡ್ಡ ಗಾಳಿಯ ವರ್ಷ ಒಂದು. ಈರವ್ವನ ತಾಯಿ ತೀರಿಕೊಂಡ ಮರುವರ್ಷ ಒಂದು. ಪ್ರತಿ ವಿಶ್ರಾಂತಿಗೆ ಒಂದು ಕಿಟಕಿ ಎಂದು ಎಣಿಸುತ್ತ ಹೋದಂತೆ ಬೆರಳುಗಳು ಮುಗಿದವು.

ಪರದೆ ಸರಿಸಿದೆ. ಕೈಗನ್ನಡಿಯಿಂದ ಬಾಗಿಲ ಬಿಸಿಲನ್ನು ಹಿಡಿದು ಚಿತ್ರದ ಮೇಲೆ ಓರೆಯಾಗಿ ಬಿಟ್ಟೆ. ಹಳೆಯ ಎಣ್ಣೆಬಣ್ಣ ಒಣಗಿದ ಕೆರೆಯ ತಳದಂತೆ ಮೈಯೆಲ್ಲ ಬಿರುಕು ಬಿಟ್ಟಿರುತ್ತದೆ. ಇಷ್ಟು ದಿನ ಆ ಬಿರುಕು ಕಂಡರೆ ನನಗೆ ಭಯವಾಗುತ್ತಿತ್ತು. ಈಗ ಬಿರುಕು ಇಲ್ಲದ ಜಾಗ, ಅಂದರೆ ಮಾಸ್ತರರು ಹಚ್ಚಿದ ಹೊಸ ಬಣ್ಣ, ಹುಡುಕಿದೆ. ಒಂದು ಸಿಕ್ಕಿತು, ನುಣ್ಣಗೆ, ಬೆಂದ ಬೆಲ್ಲದ ಹಾಗೆ. ಅದರಾಚೆ ಇನ್ನೊಂದು. ಕನ್ನಡಿ ಹೊರಳಿಸುತ್ತ ಬಿಸಿಲನ್ನು ಕೋಟೆಯ ಮೇಲೆಲ್ಲ ಓಡಾಡಿಸಿದೆ. ನೀರಿಗೆ ಹೊರಟ ಕೆಂಪು ಟೊಪ್ಪಿಗೆಯವನು ಹಾಗೇ ಹೊರಟಿದ್ದ. ಮೂರನೆಯದು ಕೋಟೆಯ ಗಂಟೆಗೋಪುರದ ಕೆಳಗಿನ ಜೋಡಿ ಕಿಟಕಿಗಳಲ್ಲಿ ಎಡಗಡೆಯದರ ಮೇಲೆ ಇತ್ತು. ಅದು ದಾವಲಸಾಬಣ್ಣನ ಕಿಟಕಿ.

"ಕಿಟಕಿ ಅದಾವೇನವಾ?" ಎಂದ ಅವನು ಹೊರಗಿನಿಂದ. ಅವನ ಮೊಮ್ಮಗಳು ಹಲಗೆಯ ಮೇಲೆ ಬೆರಳಿನಿಂದ ತಟ್ಟುತ್ತಿರುವುದು ಕೇಳುತ್ತಿತ್ತು.

ಟ್ಯೂಬು ಇನ್ನೂ ನನ್ನ ಎಡಗೈಯಲ್ಲಿ ಇತ್ತು. ಅದನ್ನು ಚಾವಡಿಯ ಕಿಟಕಿಯ ಕಟ್ಟೆಯ ಮೇಲೆ, ಯಾರು ಬಂದರೂ ಕಾಣುವ ಕಡೆ ಇಟ್ಟೆ. ಹಗ್ಗದ ಹತ್ತಿರ ಹೋಗಿ ಗೂಟದಿಂದ ಗಂಟು ಬಿಚ್ಚಿದೆ. ಎಷ್ಟು ವರ್ಷದ ಗಂಟೋ, ಉಗುರು ಕಿತ್ತುಬಂತು.

"ಅಣ್ಣಾ, ಹಲಗಿ ಅಲ್ಲೇ ಇಡು," ಅಂದೆ. "ಒಳಗ ಬಾ. ನೀನೂ ನೋಡು."